ನೆಲವನ್ನು ತಿದ್ದುವ ಆಟ



ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ ಆಟಗಳನ್ನು ಕುರಿತು ಇತಿಹಾಸದ ಮೇಷ್ಟರು ಬರೆಯುವುದೇನಿದೆ ಎಂದು ನಿಮ್ಮಲ್ಲಿ ಕೆಲವರಾದರೂ ನಗಬಹುದು. ಆದರೆ ಮೊಮ್ಮಗನು 'ಸಿವಿಲೈಝೇಷನ್' ಆಡುವುದನ್ನು ನೋಡಿದ ಮೇಲೆ, ನಾನು ಕಪ್ಪುಹಲಗೆಯ ಮುಂದೆ ನಿಂತು ತಿಳಿಸಲು ಹೆಣಗುತ್ತಿದ್ದ ಒಂದು ವಿಷಯ ಅಲ್ಲಿ ಚಿತ್ರವಾಗಿಯೇ ಇದೆಯಲ್ಲಾ ಎನಿಸಿತು. ಯುದ್ಧಗಳು ಬರಿಯ ನೆಲದ ಮೇಲೆ ನಡೆಯುವುದಿಲ್ಲ; ರೈತನು ತಿದ್ದಿದ ನೆಲದ ಮೇಲೆ ನಡೆಯುತ್ತವೆ.

ನಮ್ಮ ಹಳೆಯ ಆಟಗಳಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಚದುರಂಗದಲ್ಲಿ ಅರವತ್ತನಾಲ್ಕು ಮನೆಗಳು; ಆಟ ಮುಗಿದಾಗಲೂ ಅವೇ ಅರವತ್ತನಾಲ್ಕು. ದೇವಸ್ಥಾನದ ಜಗಲಿಯ ಕಲ್ಲಿನಲ್ಲಿ ಕೊರೆದ ಆಡು-ಹುಲಿ ಆಟದ ಗೆರೆಗಳೂ ಹಾಗೆಯೇ. ಕಾಯಿಗಳು ಚಲಿಸುತ್ತವೆ, ನೆಲ ಸುಮ್ಮನಿರುತ್ತದೆ. 1991ರಲ್ಲಿ ಸಿಡ್ ಮೈಯರ್ ಅವರ ಸಿವಿಲೈಝೇಷನ್ ಬಂದಾಗ ಆಟಗಾರನು ಮನೆಯನ್ನೇ ತಿದ್ದಬಲ್ಲವನಾದನು. ಬಯಲಿಗೆ ನೀರಾವರಿ ಮಾಡಿದರೆ ಅನ್ನ ಹೆಚ್ಚುತ್ತದೆ, ಗುಡ್ಡದಲ್ಲಿ ಗಣಿ ತೋಡಿದರೆ ಉತ್ಪಾದನೆ ಹೆಚ್ಚುತ್ತದೆ, ರಸ್ತೆ ಹಾಕಿದರೆ ವ್ಯಾಪಾರವೂ ಸೈನ್ಯದ ವೇಗವೂ ಹೆಚ್ಚುತ್ತವೆ. ಮಾಡಿದ್ದೆಲ್ಲವೂ ನಕ್ಷೆಯ ಮೇಲೆ ಕಾಣುತ್ತದೆ. ನಿಮಗೆ ಕಾಣುವುದು ಶತ್ರುವಿಗೂ ಕಾಣುತ್ತದೆ, ಅವನ ದಂಡು ಆ ಮನೆಯ ಮೇಲೆ ನಿಂತು ಅದನ್ನು ಹಾಳುಗೆಡವಬಹುದು.

ಆ ಮೊದಲ ಆಟದ ಒಂದು ನಿಯಮ ನನಗೆ ಬಹಳ ಹಿಡಿಸಿತು. ನದಿಗೋ ಸಮುದ್ರಕ್ಕೋ ಈಗಾಗಲೇ ನೀರಾವರಿಯಾದ ಮನೆಗೋ ತಾಗಿದ್ದರೆ ಮಾತ್ರ ಹೊಸ ಮನೆಗೆ ನೀರು ಹಾಯಿಸಬಹುದು. ಹೀಗಾಗಿ ನೀರು ಮನೆಯಿಂದ ಮನೆಗೆ ಹರಿದುಕೊಂಡೇ ಬರಬೇಕು. ಹೊಸಕೋಟೆ ತಾಲ್ಲೂಕಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ಮೇಲಷ್ಟೇ ರಾಜಕಾಲುವೆಯಲ್ಲಿ ನೀರು ಕೆಳಗಿನ ಕೆರೆಗೆ ಬರುತ್ತದೆ. ಕೊನೆಯದು ದಕ್ಷಿಣ ಪಿನಾಕಿನಿಯ ಪಾಲು. ನಡುವೆ ಒಬ್ಬನು ಕಾಲುವೆ ಮುಚ್ಚಿದರೆ ಕೆಳಗಿನ ಊರುಗಳೆಲ್ಲ ಒಣಗುತ್ತವೆ.

ನೋಟದ ಮಾತಿಗೆ ಬಂದರೆ, ಹಳೆಯ ಆವೃತ್ತಿಗಳ ನಕ್ಷೆ ಆಟ ಬೆಳೆದಂತೆ ಕುರೂಪವಾಗುತ್ತಿತ್ತು. ರಸ್ತೆಗೆ ನಿರ್ವಹಣೆಯ ಖರ್ಚಿಲ್ಲ, ಲಾಭ ಮಾತ್ರ ಉಂಟು. ಆದ್ದರಿಂದ ಜಾಣ ಆಟಗಾರರು ಒಂದು ಮನೆಯನ್ನೂ ಬಿಡದೆ ರಸ್ತೆ ಹಾಕಿ ಇಡೀ ದೇಶವನ್ನು ಮೀನಿನ ಬಲೆಯಂತೆ ಮಾಡುತ್ತಿದ್ದರು. 2010ರ ಐದನೆಯ ಆವೃತ್ತಿಯಲ್ಲಿ ಪ್ರತಿ ರಸ್ತೆಗೂ ಖಜಾನೆಯಿಂದ ಹಣ ತೆರಬೇಕೆಂಬ ನಿಯಮ ಬಂದಿತು. ಬೇಕಾದಲ್ಲಿ ಮಾತ್ರ ರಸ್ತೆ ಉಳಿಯಿತು, ಕಾಡು ಕಾಡಿನಂತೆ ಕಾಣತೊಡಗಿತು. ಚಿತ್ರಕಾರನಿಂದ ಆಗದ ಕೆಲಸ ಲೆಕ್ಕದ ಪುಸ್ತಕದಿಂದ ಆಯಿತು! 2005ರ ನಾಲ್ಕನೆಯ ಆವೃತ್ತಿಯಲ್ಲಿ ಇನ್ನೊಂದು ಸೊಗಸಿದೆ. ಗುಡಿಸಲು ಹಾಕಿದ ಮನೆಯಲ್ಲಿ ಜನ ದುಡಿಯುತ್ತಿದ್ದರೆ ಅದು ಕಾಲಕ್ರಮದಲ್ಲಿ ಹಳ್ಳಿಯಾಗಿ, ಕೊನೆಗೆ ಪಟ್ಟಣವೇ ಆಗುತ್ತದೆ. ಬಹುಕಾಲ ಕಾದು ಬೆಳೆಸಿದ್ದನ್ನು ಶತ್ರು ಸುಟ್ಟರೆ ಆಗುವ ನೋವು, ನಿನ್ನೆ ಕಟ್ಟಿದ್ದನ್ನು ಸುಟ್ಟರೆ ಆಗುವುದಿಲ್ಲ.

ಈ ನೋವಿನ ನಿಜವಾದ ಉದಾಹರಣೆ ಮೈಸೂರಿನ ಮೂರನೆಯ ಯುದ್ಧ. 1791ರ ಆರಂಭದಲ್ಲಿ ಕಾರ್ನ್‌ವಾಲಿಸ್ ಘಟ್ಟ ಹತ್ತಿ ಬಂದನು. ಕೋಲಾರ, ಹೊಸಕೋಟೆಗಳು ಹೆಚ್ಚಿನ ಪ್ರತಿರೋಧವಿಲ್ಲದೆ ಅವನ ಕೈಸೇರಿದವು. ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿದ್ದಿತು. ನಾವು ಪರೀಕ್ಷೆಗೆಂದು ಓದಿಸುತ್ತಿದ್ದುದು ಇಷ್ಟೇ. ಅದರ ಮುಂದಿನ ಎರಡು ತಿಂಗಳು ಹೆಚ್ಚು ಸ್ವಾರಸ್ಯಕರ. ಶ್ರೀರಂಗಪಟ್ಟಣದ ದಾರಿಯ ಹಳ್ಳಿಗಳಲ್ಲಿ ಮೇವು, ಧಾನ್ಯ ಏನೂ ಉಳಿಯದಂತೆ ಟಿಪ್ಪು ಮಾಡಿಸಿದನು. ಶತ್ರುವಿನ ಮನೆಯನ್ನಲ್ಲ, ತನ್ನ ಮನೆಯನ್ನೇ ತಾನು ಹಾಳುಗೆಡವುವ ನಡೆ ಇದು. ಕಾರ್ನ್‌ವಾಲಿಸ್ ನೇರ ದಾರಿಯನ್ನು ಬಿಟ್ಟು ಕನಕಪುರದ ಕಡೆಯಿಂದ ಸುತ್ತಿ ಹೋದನು. ಮೇ 15ರಂದು ಅರಕೆರೆಯ ಬಳಿ ಗೆದ್ದರೂ ಪ್ರಯೋಜನವಾಗಲಿಲ್ಲ. ಮೇವಿಲ್ಲದೆ, ಮಳೆಯಲ್ಲಿ ನೆನೆದು, ಫಿರಂಗಿ ಎಳೆಯುವ ಎತ್ತುಗಳು ಸತ್ತುಬಿದ್ದವು. ಕೋಟೆ ಒಡೆಯಲೆಂದು ತಂದಿದ್ದ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ನಾಶಮಾಡಿಸಿ ಬೆಂಗಳೂರಿಗೆ ಹಿಂದಿರುಗಿದನು. (1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದುದೂ ಅದೇ ಕನ್ನಂಬಾಡಿಯಲ್ಲಿ.)

ಎತ್ತಿಗೆ ಹುಲ್ಲಿಲ್ಲದುದರಿಂದ ಒಂದು ರಾಜಧಾನಿ ಒಂಬತ್ತು ತಿಂಗಳು ಉಳಿಯಿತು. ಆದರೆ ಆ ಹುಲ್ಲು ಯಾರದು? ಹಳ್ಳಿಯವರದು. ಯಾವ ಪಕ್ಷ ಗೆದ್ದರೂ ಆ ವರ್ಷ ಅವರ ಕಣದಲ್ಲಿ ಏನೂ ಇರಲಿಲ್ಲ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದನು. ಈ ಸಲ ನಂದಿ, ಸಾವನದುರ್ಗಗಳನ್ನು ಮೊದಲೇ ಹಿಡಿದು ಸರಬರಾಜಿನ ದಾರಿಯನ್ನು ಭದ್ರಪಡಿಸಿಕೊಂಡಿದ್ದನು. ಶ್ರೀರಂಗಪಟ್ಟಣದ ಲಾಲ್‌ಬಾಗಿನ ಮರಗಳನ್ನು ಕಡಿದು ಮುತ್ತಿಗೆಯ ಕಂದಕಗಳಿಗೆ ಬೇಕಾದ ಕಟ್ಟಿಗೆಹೊರೆಗಳನ್ನೂ ಬುಟ್ಟಿಗಳನ್ನೂ ಮಾಡಿಸಿದರು. ಶತ್ರು ಬೆಳೆಸಿದ ತೋಟವೇ ಶತ್ರುವಿನ ಕೋಟೆಗೆ ಏಣಿಯಾಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಆಕ್ಷೇಪಣೆಯನ್ನೂ ಹೇಳಬೇಕು. ಈ ಆಟಗಳಲ್ಲಿ ಹೂಳು ಎಂಬುದಿಲ್ಲ. ಒಮ್ಮೆ ನೀರಾವರಿಯಾದ ಮನೆ ಯಾರೂ ಕೆಡಿಸದಿದ್ದರೆ ಆರು ಸಾವಿರ ವರ್ಷ ಹಾಗೆಯೇ ಇರುತ್ತದೆ. ಕೆರೆ ಹಾಗಲ್ಲ. ಹೊಸಕೋಟೆಯ ದೊಡ್ಡ ಕೆರೆಯನ್ನು ಹದಿನಾರನೆಯ ಶತಮಾನದ ಕೊನೆಯಲ್ಲಿ ಸುಗಟೂರಿನ ಪಾಳೆಯಗಾರ ತಮ್ಮೇಗೌಡನು ಕಟ್ಟಿಸಿದನೆಂದು ಪ್ರತೀತಿ. ಕಟ್ಟಿಸಿದವನ ಹೆಸರು ಉಳಿಯುವುದು ಸರಿ. ಆದರೆ ಕೆರೆ ಉಳಿದುದು ವರ್ಷವರ್ಷವೂ ಹೂಳೆತ್ತಿ ಏರಿಗೆ ಮಣ್ಣು ಹಾಕಿದವರಿಂದ, ತೂಬು ಎತ್ತಿ ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಟ್ಟ ನೀರುಗಂಟಿಯಿಂದ. ಕೆರೆಯ ದುರಸ್ತಿಗೆಂದೇ ಕಟ್ಟುಕೊಡಗಿ ಜಮೀನು ಬಿಡುವ ಪದ್ಧತಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿ, ಸಂಸ್ಥಾನದ ಸುಮಾರು 60 ಭಾಗ ನೆಲ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಹೊಸ ಕೆರೆಗೆ ತಕ್ಕ ಜಾಗ ಹುಡುಕುವುದೇ ಕಷ್ಟ ಎಂಬರ್ಥದಲ್ಲಿ ಬರೆದಿದ್ದನು. ಆಟದ ಭಾಷೆಯಲ್ಲಿ ಹೇಳುವುದಾದರೆ, ತಿದ್ದಲು ಒಂದು ಮನೆಯೂ ಉಳಿದಿರಲಿಲ್ಲ.

2016ರ ಆರನೆಯ ಆವೃತ್ತಿಯಲ್ಲಿ ಕೂಲಿಯವನು ಮೂರು ಕೆಲಸ ಮಾಡಿ ಮಾಯವಾಗುತ್ತಾನೆ. 2025ರ ಏಳನೆಯದರಲ್ಲಿ ಅವನೇ ಇಲ್ಲ; ಊರು ಬೆಳೆದಾಗ ಹೊಲ ತಾನಾಗಿ ಮೂಡುತ್ತದೆ. ಆಟಕ್ಕೆ ಬೇಸರ ಕಡಿಮೆಯಾಯಿತೆಂದು ಮೊಮ್ಮಗನ ವಾದ. ಮಣ್ಣು ಹೊತ್ತವನನ್ನು ಚಿತ್ರದಿಂದ ಅಳಿಸಿದ್ದು ನನಗೆ ಸರಿಕಾಣಲಿಲ್ಲ.

ನಮ್ಮ ಅನುಗೊಂಡನಹಳ್ಳಿಯ ಸುತ್ತಿನ ನೆಲವನ್ನೇ ನೋಡಿ. ನಾವು ಚಿಕ್ಕವರಿದ್ದಾಗ ರಾಗಿ, ಹುರುಳಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಆಮೇಲೆ ನೀಲಗಿರಿ ಬಂದಿತು. ದುಡಿಮೆಯಿಲ್ಲದೆ ದುಡ್ಡು ಬರುವ ಬೆಳೆ. ದೂರದಿಂದ ನೋಡಿದರೆ ಕಾಡು, ಹತ್ತಿರ ಹೋದರೆ ಕೆಳಗೆ ಹುಲ್ಲೂ ಇಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಕೊಳವೆಬಾವಿಗಳು ಪಾತಾಳ ಮುಟ್ಟಿದ್ದವು, ಕಾಲುವೆಗಳ ಮೇಲೆ ಬಡಾವಣೆಗಳು ಏಳತೊಡಗಿದ್ದವು.

ಮುಂದಿನ ನಡೆ ಯಾವ ಆಟದಲ್ಲಿಯೂ ಇಲ್ಲದ್ದು. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ಪಂಪುಗಳಿಂದ ಎತ್ತಿ, ಕೋಲಾರದ ಕೆರೆಗಳಿಗೆ ಹರಿಸತೊಡಗಿದರು. ನೀರು ಈಗ ಊರಿನಿಂದ ನಗರಕ್ಕಲ್ಲ, ನಗರದಿಂದ ಊರಿಗೆ, ಅದೂ ಏರುಮುಖವಾಗಿ ಹೋಗುತ್ತದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿದ್ದನ್ನು ಕಂಡು ಜನ ಬಾಗಿನ ಬಿಟ್ಟರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕೆಂದು ರೈತ ಹೋರಾಟಗಾರರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಅವರ ಬೇಡಿಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಆ ಕೆರೆಯ ಕೆಳಗೆ ಬಾವಿಯಿಂದ ನೀರು ಸೇದಿ ಕುಡಿಯುವವರು ಅವರೇ.