ಮಾಕಳಿದುರ್ಗದ ಎರಡು ಮಗ್ಗುಲು: ಉತ್ತರ ಪಿನಾಕಿನಿ ಗಡಿ ಮುಟ್ಟೋ ಮೊದಲೇ ಬತ್ತಿದ್ದು ಹೇಗೆ?

ಬೆಂಗಳೂರಿನಿಂದ ವೀಕೆಂಡ್ ಟ್ರೆಕ್ಕಿಗೆ ಬರುವವರಿಗೆ ಮಾಕಳಿದುರ್ಗ ಅಂದ್ರೆ ಮೂರು ಫೋಟೊ. ಪಾಳುಬಿದ್ದ ಕೋಟೆಗೋಡೆ, ತುದಿಯಲ್ಲಿರುವ ಶಿವನ ಗುಡಿಯ ನಂದಿ, ಕೆಳಗೆ ಬೆಟ್ಟದ ಬುಡ ಬಳಸಿಕೊಂಡು ಹೋಗುವ ರೈಲು. ನಾನೂ ಮೊದಲ ಸಲ ಹತ್ತಿದಾಗ ಆ ರೈಲಿಗೇ ಕಾದು ಕೂತಿದ್ದೆ. ಆಮೇಲೆ ಭೂಪಟ ಹರಡಿಕೊಂಡು ನೋಡಿದಾಗಲೇ ಗೊತ್ತಾಗಿದ್ದು, ಆ ಹಳಿ ಒಂದು ದೊಡ್ಡ ವಿಷಯ ಹೇಳುತ್ತಿದೆ ಅಂತ. ದೊಡ್ಡಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮಾಕಳಿದುರ್ಗ, ತೊಂಡೇಬಾವಿ ದಾಟಿ ಗೌರಿಬಿದನೂರು ತಲುಪುವಷ್ಟರಲ್ಲಿ ರೈಲು ಹೆಚ್ಚುಕಡಿಮೆ 190 ಮೀಟರ್ ಇಳಿದಿರುತ್ತದೆ. ಹಿಂದೂಪುರಕ್ಕೆ ಹೋದರೆ ಇನ್ನೂ 70 ಮೀಟರ್. ರೈಲು ಇಳಿಯುವ ದಿಕ್ಕಿನಲ್ಲೇ ನೀರೂ ಇಳಿಯುತ್ತದೆ. ಅಂದ್ರೆ ಬೆಂಗಳೂರಿನ ಕಡೆಯ ಜಗತ್ತು ಈ ಬೆಟ್ಟಸಾಲಿಗೆ ಮುಗಿಯಿತು, ಆಚೆಗೆ ಬೇರೆ ನದಿಯ ರಾಜ್ಯ.

ಈ ಸಾಲಿನ ದಕ್ಷಿಣಕ್ಕೆ ಬಿದ್ದ ಮಳೆ ಅರ್ಕಾವತಿಗೆ ಸೇರುತ್ತದೆ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದ ಸಂಗಮದಲ್ಲಿ ಕಾವೇರಿಗೆ. ಉತ್ತರಕ್ಕೆ ಬಿದ್ದದ್ದು ಉತ್ತರ ಪಿನಾಕಿನಿಗೆ, ಆಂಧ್ರ ಹಾದು ನೆಲ್ಲೂರಿನ ಬಳಿ ಸಮುದ್ರಕ್ಕೆ. ಈ ಜಲವಿಭಾಜಕ ಗೆರೆ ಕೋಟೆಯ ನೆತ್ತಿಯ ಮೇಲೇ ರೂಲರ್ ಇಟ್ಟು ಎಳೆದ ಹಾಗಿದೆ ಅಂದುಕೊಳ್ಳಬೇಡಿ. ಗುಡ್ಡದಿಂದ ಗುಡ್ಡಕ್ಕೆ, ಕೆಲವು ಕಡೆ ರಾಗಿ ಹೊಲದ ನಡುವೆಯೇ, ಅದು ಸುತ್ತಿಬಳಸಿ ಹೋಗುತ್ತದೆ. ಆದರೆ ಅದರ ಆಚೀಚೆ ನಿಂತವರ ಕಾನೂನು, ಹಕ್ಕು, ಜಗಳ ಎಲ್ಲವೂ ಬೇರೆ.

ಸ್ವಲ್ಪ ಪೂರ್ವಕ್ಕೆ, ನಂದಿಬೆಟ್ಟ ಮತ್ತು ಚನ್ನಕೇಶವ ಬೆಟ್ಟದ ಸುತ್ತ ಇನ್ನಷ್ಟು ನದಿಗಳು ಹುಟ್ಟುತ್ತವೆ. ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಮೂಲಕ ತಮಿಳುನಾಡಿಗೆ ಹೋಗುತ್ತದೆ. ಚಿತ್ರಾವತಿ ಬಾಗೇಪಲ್ಲಿ ಕಡೆಯಿಂದ, ಪಾಪಾಗ್ನಿ ಇನ್ನೂ ಪೂರ್ವದಿಂದ ಆಂಧ್ರಕ್ಕೆ ಇಳಿದು ಮುಂದೆ ಪೆನ್ನಾ ಸೇರುತ್ತವೆ. ಇಷ್ಟು ನದಿಗಳ ತವರು ಅಂತ ಹೆಮ್ಮೆಪಡುವ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆ 700 ಮಿಲಿಮೀಟರ್ ಆಸುಪಾಸು. ಪಶ್ಚಿಮಘಟ್ಟದ ನದಿಗಳನ್ನು ನೋಡಿದ ಕಣ್ಣಿಗೆ ಇವು ನದಿಗಳೇ ಅಲ್ಲ ಅನ್ನಿಸಬಹುದು. ನಮ್ಮ ಸರ್ಕಾರಗಳಿಗೂ ಹಾಗೇ ಅನ್ನಿಸಿದೆ ಅನ್ನೋದೇ ನನ್ನ ತಕರಾರು.

ಎರಡೆರಡು ಸಲ ಗಡಿ ದಾಟುವ ನದಿ

ಉತ್ತರ ಪಿನಾಕಿನಿಯ ಉದ್ದ 597 ಕಿಲೋಮೀಟರ್. ಇದರಲ್ಲಿ ಕರ್ನಾಟಕದ ಪಾಲು 61 ಮಾತ್ರ, ಉಳಿದ 536 ಕಿಲೋಮೀಟರ್ ಆಂಧ್ರದಲ್ಲಿ. ಜಲಾನಯನ ಪ್ರದೇಶ 55,213 ಚದರ ಕಿಲೋಮೀಟರ್, ಅದರಲ್ಲಿ ನಮ್ಮದು 6,937, ಎಂಟರಲ್ಲೊಂದು ಭಾಗ. ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ ಮಂಚೇನಹಳ್ಳಿ, ಗೌರಿಬಿದನೂರು, ವಿದುರಾಶ್ವತ್ಥ ದಾಟಿ ಹಿಂದೂಪುರದ ಕಡೆ ಹೋಗುತ್ತದೆ. ಇಲ್ಲಿಗೆ ನಮ್ಮ ಲೆಕ್ಕ ಮುಗಿಯಿತು ಅಂದುಕೊಂಡರೆ, ನದಿ ಮತ್ತೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಕರ್ನಾಟಕಕ್ಕೆ ಮುಖ ತೋರಿಸಿ ಪುನಃ ಆಂಧ್ರಕ್ಕೆ ಹೋಗುತ್ತದೆ. ದೇವರಾಯನದುರ್ಗದ ಕಡೆಯಿಂದ ಬರುವ ಜಯಮಂಗಲಿಯೂ ಇದೇ ನದಿಗೆ. ಆಂಧ್ರದಲ್ಲಿ ಇದರ ಹೆಸರು ಪೆನ್ನಾ. ಗಂಡಿಕೋಟದ ಆ ಪ್ರಸಿದ್ಧ ಕಣಿವೆಯನ್ನು ಕೊರೆದದ್ದು ಇದೇ ನೀರು, 78 ಟಿಎಂಸಿ ಸಾಮರ್ಥ್ಯದ ಸೋಮಶಿಲಾ ಜಲಾಶಯ ಕಟ್ಟಿರುವುದೂ ಇದಕ್ಕೇ.

ವಿದುರಾಶ್ವತ್ಥ ಅಂದ ತಕ್ಷಣ ನಮಗೆ ನೆನಪಾಗುವುದು 1938ರ ಏಪ್ರಿಲ್ 25, ಧ್ವಜ ಸತ್ಯಾಗ್ರಹದ ಮೇಲೆ ನಡೆದ ಗೋಲಿಬಾರ್. ಆ ಹುತಾತ್ಮರ ಸ್ಮಾರಕಕ್ಕೆ ಹೋದವರು ನಾಲ್ಕು ಹೆಜ್ಜೆ ಆಚೆ ಹೋಗಿ ನದಿಯನ್ನೂ ನೋಡಿ. ಹೆಚ್ಚಿನ ತಿಂಗಳಲ್ಲಿ ಕಾಣುವುದು ಜಾಲಿ, ಗುಂಡಿ, ಮರಳು ಎತ್ತಿದ ಗುರುತು.

1892ರ ಕಾಗದ, 1882ರ ಕಾಗದ

ಈ ನದಿಯ ಮೇಲೆ ಒಂದು ಹಳೆಯ ಬೀಗ ಇದೆ. 1892ರ ಫೆಬ್ರವರಿ 18ರಂದು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರದ ನಡುವೆ ಆದ ಒಪ್ಪಂದ. ಕಾವೇರಿ ವಿವಾದದ ನೆಪದಲ್ಲಿ ಇದರ ಹೆಸರು ಕೇಳಿರುತ್ತೀರಿ. ಆದರೆ ಅದರ ಪಟ್ಟಿಯಲ್ಲಿದ್ದದ್ದು ಕಾವೇರಿ ಕಣಿವೆಯಷ್ಟೇ ಅಲ್ಲ, ಒಟ್ಟು 15 ಮುಖ್ಯ ನದಿಗಳು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ದಕ್ಷಿಣ ಪಿನಾಕಿನಿ ಎಲ್ಲವೂ ಅದರಲ್ಲಿವೆ. ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಈ ನದಿಗಳ ಮೇಲೆ ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಮದ್ರಾಸ್ ಪ್ರಾಂತ್ಯ ಒಡೆದ ಮೇಲೆ ಅದರ ವಾದವನ್ನು ಒಂದು ಕಡೆ ತಮಿಳುನಾಡು, ಇನ್ನೊಂದು ಕಡೆ ಆಂಧ್ರ ಎತ್ತಿಕೊಂಡವು. ಚಿತ್ರಾವತಿಗೆ ಬಾಗೇಪಲ್ಲಿ ಬಳಿಯ ಪರಗೋಡಿನಲ್ಲಿ ಕುಡಿಯುವ ನೀರಿನ ಕಟ್ಟೆ ಕಟ್ಟಲು ಹೊರಟಾಗ ಆಂಧ್ರ ತಕರಾರು ತೆಗೆಯಿತು. ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಯರಗೋಳ್ ಅಣೆಕಟ್ಟು ಕಟ್ಟಿದಾಗ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್ 14ರಂದು ಕೋರ್ಟು ಅದರ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿ, 1956ರ ಅಂತರರಾಜ್ಯ ನದಿನೀರು ವಿವಾದ ಕಾಯ್ದೆಯ ದಾರಿ ತೋರಿಸಿತು.

ಈಗ ಇನ್ನೊಂದು ಕಾಗದ. ಇದಕ್ಕಿಂತ ಹತ್ತು ವರ್ಷ ಹಿಂದಿನದು, 1882ರ ಭಾರತೀಯ ಅನುಭೋಗ ಕಾಯ್ದೆ. ತನ್ನ ಜಮೀನಿನ ಕೆಳಗೆ, ಗೊತ್ತಾದ ಹರಿವಿನ ದಾರಿ ಇಲ್ಲದ ನೀರನ್ನು ಭೂಮಾಲೀಕ ಎತ್ತಿಕೊಳ್ಳಬಹುದು ಅನ್ನುವುದು ಅದರ ಧೋರಣೆ. ಒಂದು ಕಾಗದ ಹರಿಯುವ ನೀರಿಗೆ ಬೀಗ ಹಾಕಿತು, ಇನ್ನೊಂದು ನೆಲದಡಿಯ ನೀರಿನ ಬಾಗಿಲು ತೆರೆದಿಟ್ಟಿತು. ಆಗ ಕಪಿಲೆ ಬಾವಿಯ ಕಾಲ. ಎತ್ತು ಎಳೆದಷ್ಟು ನೀರು, ಅದರಿಂದ ನದಿಗೇನೂ ಧಕ್ಕೆ ಇರಲಿಲ್ಲ. ಬೋರ್‌ವೆಲ್ ಬಂದ ಮೇಲೆ ಲೆಕ್ಕ ಪೂರ್ತಿ ತಿರುವುಮುರುವಾಯಿತು.

ಇದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ಕತೆ ಇಲ್ಲೇ ಇರೋದು. ಮಾಕಳಿದುರ್ಗದಂಥ ಬೆಟ್ಟ ಗಟ್ಟಿ ಕಲ್ಲು. ಆದರೆ ಅದರ ಬುಡದ ಇಳಿಜಾರಿನಲ್ಲಿ ಶಿಥಿಲವಾದ ಕಲ್ಲು, ಮಣ್ಣು, ಬಿರುಕುಗಳ ಪದರ ಇರುತ್ತದೆ. ಮಳೆನೀರು ಅದರಲ್ಲಿ ಇಂಗಿ, ನಿಧಾನಕ್ಕೆ ಜಾರಿ, ತಿಂಗಳುಗಳ ನಂತರ ಹಳ್ಳದಲ್ಲಿ ಊಟೆಯಾಗಿ ಹೊರಬರುತ್ತದೆ. ಮಳೆ ನಿಂತ ಮೇಲೂ ಹಳ್ಳ ಹರಿಯೋದು ಇದರಿಂದ. ಮಧುಗಿರಿ, ಪಾವಗಡ, ಗೌರಿಬಿದನೂರು ಸೀಮೆಯ ತಲಪರಿಗೆಗಳು ನಿಂತಿದ್ದು ಇದೇ ನಂಬಿಕೆಯ ಮೇಲೆ. ಕೆರೆ ಅಂಗಳದಲ್ಲೋ ಹಳ್ಳದ ಪಕ್ಕದಲ್ಲೋ ಒಂದಾಳುದ್ದ ಗುಂಡಿ ತೋಡಿದರೆ ಸಾಕು, ನೀರು ತಾನಾಗಿ ಉಕ್ಕಿ ಕಾಲುವೆಯಲ್ಲಿ ಹರಿದು ಹೊಲ ಸೇರುತ್ತಿತ್ತು. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುವವರೆಗೆ ಹಳ್ಳ ಜೀವಂತ. ಕೆಳಗಿಳಿದ ದಿನ ಹಳ್ಳದಲ್ಲಿ ಹರಿಯುವ ನೀರೂ ನೆಲದೊಳಕ್ಕೆ ಸೋರಿಹೋಗುತ್ತದೆ. ಇವತ್ತು ಸಾವಿರ ಅಡಿ ಕೊರೆಯುವ ತಾಲ್ಲೂಕುಗಳಲ್ಲಿ ನದಿ ಯಾಕೆ ಹರಿಯುತ್ತಿಲ್ಲ ಅಂತ ಕೇಳಿದರೆ, ಉತ್ತರ ಕೊಡಲು ಆಕಾಶ ನೋಡಬೇಕಿಲ್ಲ.

ಇದು ನನ್ನ ಊಹೆಯಲ್ಲ. ಗೆರೆಯ ಈಚೆಗಿರುವ ಅರ್ಕಾವತಿ ಯಾಕೆ ಬತ್ತಿತು ಅಂತ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತವರ ಜೊತೆಗಾರರು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಮಳೆ ಕಡಿಮೆಯಾಯಿತೇ, ಬಿಸಿಲು ಹೆಚ್ಚಿತೇ, ಅಂತರ್ಜಲ ಎತ್ತಿದ್ದೇ, ನೀಲಗಿರಿ ತೋಪೇ, ಹಳ್ಳಕ್ಕೆ ಅಡ್ಡ ಕಟ್ಟಿದ ಚೆಕ್‌ಡ್ಯಾಮ್‌ಗಳೇ ಅಂತ ಒಂದೊಂದನ್ನೇ ಪರೀಕ್ಷಿಸಿದರು. ಮಳೆ, ತಾಪಮಾನ ಮುಖ್ಯ ಆರೋಪಿಗಳಲ್ಲ, ಅಂತರ್ಜಲದ ಕುಸಿತ ಮತ್ತು ನೀಲಗಿರಿ ಹೆಚ್ಚಿನ ಹೊಣೆ ಹೊರಬೇಕು, ಚೆಕ್‌ಡ್ಯಾಮ್‌ಗಳ ಪಾತ್ರವೂ ಇದೆ ಅನ್ನುವ ಕಡೆಗೆ ಅವರ ತೀರ್ಮಾನ ವಾಲಿತು. ಬೆಟ್ಟದ ಆಚೆ ಮಗ್ಗುಲಿನ ಕಲ್ಲು, ಮಳೆ, ಬೇಸಾಯ ಇದಕ್ಕಿಂತ ಬೇರೆಯಲ್ಲ. ಚೆಕ್‌ಡ್ಯಾಮ್ ವಿಷಯ ಕೇಳಿ ನನಗೇ ಇರಿಸುಮುರಿಸಾಗಿತ್ತು. ಜಲಸಂರಕ್ಷಣೆ ಅಂತ ನಾವು ಕೈತಟ್ಟಿದ ಕೆಲಸ ಅದು. ಒಂದು ಊರಿನ ಬೋರ್‌ವೆಲ್‌ಗೆ ಅದು ಒಳ್ಳೆಯದೇ, ಕೆಳಗಿನ ಊರಿನ ಕೆರೆಗೆ ಕಳ್ಳತನ.

ನೀಲಗಿರಿಗೂ ಇಲ್ಲಿಗೂ ಹಳೇ ನಂಟು. ದೇಶಕ್ಕೆ ಈ ಮರ ಮೊದಲು ಬಂದದ್ದು ಟಿಪ್ಪು ಕಾಲದಲ್ಲಿ, ನಂದಿಬೆಟ್ಟಕ್ಕೆ ಅಂತ ಹೇಳುತ್ತಾರೆ. ಹೊಲಗಳನ್ನು ನುಂಗಿದ್ದು ಮಾತ್ರ ಕಳೆದ ಶತಮಾನದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ. ಕೂಲಿ ಸಿಗದ, ಬೆಲೆ ಸಿಗದ ರೈತ ರಾಗಿ ಬಿಟ್ಟು ನೀಲಗಿರಿ ಹಾಕಿ ನಗರಕ್ಕೆ ಹೋದ. ಅವನನ್ನು ಬೈದು ಪ್ರಯೋಜನವಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇರುವ ತೋಪು ಕಿತ್ತು ರೈತ ಏನು ಬೆಳೆಯಬೇಕು, ಯಾರು ಕೊಳ್ಳುತ್ತಾರೆ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಗೆರೆ ದಾಟುವ ಪೈಪುಗಳು

ಭೂಗೋಳದ ಗೆರೆಯನ್ನು ಪ್ರಕೃತಿ ದಾಟುವುದಿಲ್ಲ, ಪೈಪು ದಾಟುತ್ತದೆ. ಉತ್ತರ ಪಿನಾಕಿನಿಯ ಮೇಲ್ಭಾಗದಲ್ಲಿರುವ ಜಕ್ಕಲಮಡುಗು ಜಲಾಶಯದಿಂದ ಚಿಕ್ಕಬಳ್ಳಾಪುರಕ್ಕೂ ನೀರು ಹೋಗುತ್ತದೆ, ದೊಡ್ಡಬಳ್ಳಾಪುರಕ್ಕೂ. ಅಂದ್ರೆ ಕಾವೇರಿ ಕಣಿವೆಯ ಊರೊಂದು ಪೆನ್ನಾ ಕಣಿವೆಯ ನೀರು ಕುಡಿಯುತ್ತಿದೆ. ಅದೇ ಊರಿನ ಕೊಳಚೆ ಮತ್ತು ಕೈಗಾರಿಕಾ ಪ್ರದೇಶದ ತ್ಯಾಜ್ಯ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಇಳಿದು ಅರ್ಕಾವತಿ ಪಾತ್ರ ಸೇರುತ್ತದೆ. ಆ ಹಳ್ಳಿಗಳ ಜನ ವರ್ಷಗಳಿಂದ ಶುದ್ಧೀಕರಣ ಘಟಕಕ್ಕಾಗಿ ಬೀದಿಗಿಳಿದಿದ್ದಾರೆ. ಒಂದು ನದಿಯ ತಲೆಯಿಂದ ತೆಗೆದು ಇನ್ನೊಂದು ನದಿಯ ತಲೆಗೆ ಸುರಿಯೋದು.

ಬೆಂಗಳೂರು ಇದನ್ನೇ ದೊಡ್ಡದಾಗಿ ಮಾಡುತ್ತಿದೆ. ಅದೂ ಇಂಥದ್ದೇ ದಿಣ್ಣೆಯ ಮೇಲೆ ಕೂತ ನಗರ, ಪಶ್ಚಿಮಕ್ಕೆ ವೃಷಭಾವತಿ ಮೂಲಕ ಅರ್ಕಾವತಿ, ಪೂರ್ವಕ್ಕೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ. ಹೊಸೂರು ಬಳಿಯ ಕೆಲವರಪಲ್ಲಿ ಜಲಾಶಯದಲ್ಲಿ ಮತ್ತೆ ಮತ್ತೆ ಏಳುವ ನೊರೆಯ ಮೂಲ ನಮ್ಮ ಬಚ್ಚಲು. ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಅಂತ ಲೆಕ್ಕ ಹಾಕಿ ನೀರು ಕೊಟ್ಟಿತ್ತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ ನಗರಕ್ಕೆ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಅದೇ ತೀರ್ಪಿನ ಇನ್ನೊಂದು ಸಾಲು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಲಿಲ್ಲ. ತಮಿಳುನಾಡಿನ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಕೋರ್ಟು ಹಂಚಿಕೆಯ ಲೆಕ್ಕಕ್ಕೆ ಸೇರಿಸಿತು. ಆವತ್ತು ನಮಗೆ ಖುಷಿಯಾಯಿತು. ಇದೇ ತರ್ಕವನ್ನು ನಾಳೆ ಆಂಧ್ರ ಗೌರಿಬಿದನೂರಿನ ಬೋರ್‌ವೆಲ್‌ಗಳ ಮೇಲೆ ಹಿಡಿದರೆ ನಮ್ಮ ವಕೀಲರು ಏನು ಹೇಳುತ್ತಾರೆ?

ನದಿ ಪೂರ್ತಿ ಸತ್ತಿದೆ ಅಂತಲೂ ಹೇಳಲಾಗದು. 2021ರ ನವೆಂಬರಿನಲ್ಲಿ ಪೆನ್ನಾ ಕಣಿವೆ ಇಡೀ ಉಕ್ಕಿತು. ನವೆಂಬರ್ 19ರಂದು ಆಂಧ್ರದಲ್ಲಿ ಉಪನದಿ ಚೆಯ್ಯೇರಿನ ಅನ್ನಮಯ್ಯ ಅಣೆಕಟ್ಟು ಕೊಚ್ಚಿಹೋಗಿ ಜನ ಸತ್ತರು. ಬತ್ತಿದ ನದಿಯ ಪಾತ್ರದಲ್ಲಿ ಮನೆ, ರಸ್ತೆ, ಮರಳು ಗುಂಡಿ ಮಾಡಿಕೊಂಡವರಿಗೆ ನದಿ ಹೀಗೇ ನೆನಪಾಗೋದು.

ಹಾಗಾದರೆ ಕಾಪಾಡೋದು ಎಲ್ಲಿಂದ? ನನ್ನ ಮಟ್ಟಿಗೆ ಗಡಿಯಿಂದಲ್ಲ, ಈ ಬೆಟ್ಟಸಾಲಿನಿಂದ. ಕರ್ನಾಟಕಕ್ಕೆ 2011ರಿಂದ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರ್‌ವೆಲ್‌ಗೆ ಅನುಮತಿ ಬೇಕು. ದೊಡ್ಡಬಳ್ಳಾಪುರ, ಗೌರಿಬಿದನೂರು ಎರಡೂ ಅತಿಬಳಕೆಯ ತಾಲ್ಲೂಕುಗಳು. ಆದರೆ ಅನುಮತಿಯ ಅರ್ಜಿಯಲ್ಲಿ ಒಂದು ಬಾವಿಯ ಲೆಕ್ಕ ಇರುತ್ತದೆ, ಒಂದು ಹಳ್ಳದ ಲೆಕ್ಕ ಇರುವುದಿಲ್ಲ. ಒಂದು ಕಿರು ಕಣಿವೆಯಲ್ಲಿ ವರ್ಷಕ್ಕೆ ಎಷ್ಟು ಇಂಗುತ್ತೆ, ಎಷ್ಟು ಎತ್ತಬಹುದು ಅಂತ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ತೀರ್ಮಾನವಾಗಬೇಕು. ಚೆಕ್‌ಡ್ಯಾಮ್ ಕಟ್ಟುವ ಮೊದಲು ಕೆಳಗಿನ ಕೆರೆಯ ಅಚ್ಚುಕಟ್ಟುದಾರರನ್ನು ಕೇಳಬೇಕು. ಹಿಂದೆ ನೀರಗಂಟಿ ಮಾಡುತ್ತಿದ್ದದ್ದು ಇಷ್ಟೇ, ಬರೀ ತೂಬು ಎತ್ತೋದಲ್ಲ. ನೀಲಗಿರಿ ತೆಗೆದ ರೈತನಿಗೆ ಮೊದಲ ಕೆಲವು ವರ್ಷ ಕೈಹಿಡಿಯುವ ದುಡ್ಡು ಬೇಕು. ಹಳ್ಳಗಳ ಹರಿವನ್ನು ಅಳೆಯುವ ಮಾಪಕ ಬೇಕು. ಎಂಜಿನಿಯರಿಂಗ್ ಓದಿದವನ ಹಟ ಅಂದ್ರೂ ಸರಿ, ಅಳೆಯದ ನೀರನ್ನು ಹಂಚೋಕೆ ಬರಲ್ಲ.

ಸರ್ಕಾರದ ಉತ್ತರ ಬೇರೆ ಇದೆ, ಎತ್ತಿನಹೊಳೆ. 24.01 ಟಿಎಂಸಿ, 23,251 ಕೋಟಿ ರೂಪಾಯಿ. 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್ 6ಕ್ಕೆ ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಚಾಲನೆ. ಕೊರಟಗೆರೆಯ ಬೈರಗೊಂಡ್ಲು ಮತ್ತು ದೊಡ್ಡಬಳ್ಳಾಪುರದ ಲಕ್ಕೇನಹಳ್ಳಿ ಕಡೆ ಕಟ್ಟಬೇಕಿದ್ದ ಜಲಾಶಯ ಭೂಪರಿಹಾರದ ತಕರಾರಿನಲ್ಲಿ ಕುಗ್ಗುತ್ತಾ ಬಂತು. ಎತ್ತಿನಹೊಳೆ ಸಹಜವಾಗಿ ಸೇರಬೇಕಿದ್ದದ್ದು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೆ, ಕುಕ್ಕೆ ಸುಬ್ರಹ್ಮಣ್ಯನ ನದಿಗೆ. ನಮ್ಮ ಜನ ಕುಕ್ಕೆಯನ್ನು ಆದಿ ಸುಬ್ರಹ್ಮಣ್ಯ ಅಂತಾರೆ, ಮಾಕಳಿದುರ್ಗದ ಪಕ್ಕದ ಘಾಟಿಯನ್ನು ಮಧ್ಯ, ಪಾವಗಡದ ನಾಗಲಮಡಿಕೆಯನ್ನು ಅಂತ್ಯ. ಆದಿಯ ನೀರನ್ನು ಮಧ್ಯಕ್ಕೆ ತರಲು ಪೈಪು ಹಾಕಿದ್ದೇವೆ. ಮಧ್ಯದಿಂದ ಅಂತ್ಯಕ್ಕೆ ಹೋಗಬೇಕಾದ ನೀರಿಗೆ ಪಂಪು, ಪೈಪು ಯಾವುದೂ ಬೇಕಿಲ್ಲ. ಘಾಟಿಯ ಉತ್ತರಕ್ಕೆ ಇಳಿಯುವ ಆ ಹಳ್ಳಗಳು ಪಂಚಾಯ್ತಿ ನಕಾಶೆಯಲ್ಲಿ ಈಗಲೂ ಇವೆ.