ಅನ್‌ಲಿಮಿಟೆಡ್

ಅನ್‌ಲಿಮಿಟೆಡ್: ಗುಣವಾಚಕ, ಇಂಗ್ಲಿಷ್ ಮೂಲ. ಮೊಬೈಲ್ ಪ್ಲಾನ್‌ಗಳ ಜೊತೆ ಬಂದು ಕನ್ನಡದ ಹಳ್ಳಿಹಳ್ಳಿಯಲ್ಲೂ ನೆಲೆಸಿದ ಪದ. ಇದರೊಳಗಿನ ‘ಲಿಮಿಟ್’ ಹುಟ್ಟಿದ್ದು ಲ್ಯಾಟಿನ್ನಿನ ‘ಲಿಮೆಸ್’ನಿಂದ. ಹೊಲಗಳ ನಡುವಿನ ಗಡಿದಾರಿ ಎಂಬುದು ಅದರ ಹಳೆಯ ಅರ್ಥ; ಜಮಖಂಡಿ, ಮುಧೋಳದ ಕಬ್ಬಿನ ರೈತರ ಮಾತಿನಲ್ಲಿ ಬದು. ‘ಮಿತಿ’ಯ ಮೂಲ ಬೇರೆ: ಅಳೆಯುವುದನ್ನು ಸೂಚಿಸುವ ಸಂಸ್ಕೃತದ ‘ಮಾ’ ಧಾತು. ‘ಅಪರಿಮಿತ’ ಎಂದರೆ ಅಳತೆಗೆ ಸಿಗದದ್ದು.

ಕರೆಗಳ ಮಟ್ಟಿಗೆ ಪದ ಬಹುಪಾಲು ಸರಿಯಾಗಿಯೇ ಸಲ್ಲುತ್ತದೆ. ಡೇಟಾಕ್ಕೆ ಬಂದಾಗ ಅರ್ಥ ಕುಗ್ಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ದಿನದ ಲೆಕ್ಕದ ಡೇಟಾ ರೂಢಿಯಾಯಿತು. 1.5 ಅಥವಾ 2 ಜಿಬಿ ಮುಗಿದ ಬಳಿಕ ಸಂಪರ್ಕ ಕಡಿಯುವುದಿಲ್ಲ, ವೇಗ ಇಳಿಯುತ್ತದೆ. ಹಲವು ಪ್ಲಾನ್‌ಗಳಲ್ಲಿ 64 ಕೆಬಿಪಿಎಸ್‌ಗೆ. ಆ ವೇಗದಲ್ಲಿ ರಬಕವಿ-ಬನಹಟ್ಟಿಯ ನೇಕಾರರೊಬ್ಬರು ಸೀರೆಯ 1 ಎಂಬಿ ಫೋಟೊವನ್ನು ವ್ಯಾಪಾರಿಗೆ ಕಳಿಸಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಇದನ್ನು ಅನ್‌ಲಿಮಿಟೆಡ್ ಎನ್ನುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ‘ನಿತ್ಯಮಿತಿ’ ಎಂಬ ನೇರ ಹೆಸರೇ ಇದಕ್ಕೆ ಒಪ್ಪುತ್ತದೆ.

ಕಂಪನಿಗಳು ಇದನ್ನು ‘ನ್ಯಾಯಯುತ ಬಳಕೆ ನೀತಿ’ ಎನ್ನುತ್ತವೆ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು ಎಂಬುದು ಅವುಗಳ ಸಮರ್ಥನೆ, ಅದರಲ್ಲಿ ಹುರುಳೂ ಇದೆ. ವೇಗ ಇಳಿಸುವುದಕ್ಕೆ ತಂತ್ರಜ್ಞರ ಪದ ‘ಥ್ರಾಟ್ಲಿಂಗ್’. ಗಂಟಲೆಂಬ ಅರ್ಥದ ‘ಥ್ರೋಟ್’ನಿಂದ ಬಂದು, ಮೊದಲು ಕತ್ತು ಹಿಸುಕುವುದಕ್ಕೂ ಆಮೇಲೆ ಉಗಿಯಂತ್ರದ ಕವಾಟಕ್ಕೂ ಸಂದದ್ದು. ಸ್ಥಿರ ಬ್ರಾಡ್‌ಬ್ಯಾಂಡ್‌ನಲ್ಲಿ ಇಂಥ ಇಳಿಕೆಯ ನಂತರವೂ ಕನಿಷ್ಠ 512 ಕೆಬಿಪಿಎಸ್ ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2016ರಲ್ಲಿ ನಿರ್ದೇಶಿಸಿತು.

ಆಡುಬಳಕೆ: “ಇವತ್ತಿನ ಡೇಟಾ ಮುಗದೈತಿ, ನೆಟ್ ಸ್ಲೋ ಆಗೇತಿ.”