ಹುಣಸಿ ಬೀಜದ ಸರಿಯಿಂದ ಬಿಳಿ ಡಬ್ಬಿಯವರೆಗೆ: ನಮ್ಮ ಕಡೆ ಕಟ್ಟಿಗೆ ಕೂಡಿಸಿದ ಅಂಟುಗಳು

ಹೋದ ಸಲ ಬದುವಿನ ಗಿಡಗಳ ಬಗ್ಗೆ ಬರೆದಾಗ ಮೂಡಲಗಿ ಕಡೆಯ ಇಬ್ಬರು ಒಂದೇ ಪ್ರಶ್ನೆ ಕೇಳಿದ್ರು: ಕಿತ್ತು ಬಂದ ಬಾಗಿಲ ಚೌಕಟ್ಟಿಗೆ, ಅಲುಗಾಡುವ ಮಂಚದ ಕಾಲಿಗೆ ಯಾವ ಅಂಟು ಹಚ್ಚಬೇಕ್ರಿ ಅಂತ. ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಈ ಪ್ರಶ್ನೆಗೆ ನಮ್ಮ ಗೋಕಾಕದಲ್ಲೇ ದೊಡ್ಡ ಹಿಂದಿನ ಕಥೆ ಐತಿ. ಅದನ್ನ ಬಿಟ್ಟು ಬರೀ ಡಬ್ಬಿಯ ಹೆಸರು ಹೇಳಿದರೆ ಅರ್ಧ ಉತ್ತರ ಆಗ್ತದ. ಸ್ವಲ್ಪ ಉದ್ದ ಆಗ್ತದ, ಹೊತ್ತು ಮಾಡಿಕೊಂಡು ಓದ್ರಿ.

ಮೊದಲು ಒಂದು ಮಾತು. ನಮ್ಮ ಹೊಲದ ಸಾಮಾನಿಗೆ ಅಂಟು ಯಾವತ್ತೂ ಇರಲಿಲ್ಲ. ಕೂರಿಗಿ ದಿಂಡಿಗೆ ತಾಳು ಕೂಡಿಸಿದ್ದು ತೂತು ಮತ್ತು ಬೆಣೆಯಿಂದ. ಕುಂಟಿ, ನೊಗ, ಈಸು ಎಲ್ಲಾ ಹಂಗೇ. ಬಂಡಿ ಗಾಲಿಯಂತೂ ನೋಡ್ರಿ, ಗುಂಬದಾಗ ಅರಗಳನ್ನು ಬಡಿದು, ಮೇಲೆ ಕಾಯಿಸಿದ ಕಬ್ಬಿಣದ ಹಳಿ ಏರಿಸಿ ನೀರು ಸುರಿದರೆ ಹಳಿ ತಣ್ಣಗಾಗಿ ಕುಗ್ಗಿ ಇಡೀ ಗಾಲಿಯನ್ನು ಬಿಗಿ ಹಿಡೀತಿತ್ತು. ಬ್ಯಾಸಗಿಯಲ್ಲಿ ಕಟ್ಟಿಗೆ ಒಣಗಿ ಸಡಿಲಾದರೆ ಗಾಲಿಯನ್ನು ಹಳ್ಳದ ನೀರಿನಾಗ ಇಟ್ಟು ನೆನೆಸೋದು ನಮ್ಮ ಅಜ್ಜಂದಿರ ರೂಢಿ. ನೆನೆದರೆ ಕಟ್ಟಿಗೆ ಉಬ್ಬತದ, ಸಂದು ತಾನೇ ಬಿಗೀತದ. ಆಗಿನ ಅಂಟುಗಳೆಲ್ಲಾ ನೀರು ಕಂಡರೆ ಬಿಡುವಂಥವು. ಮಳೆ ಬಿಸಿಲಿಗೆ ನಿಲ್ಲುವ ಸಾಮಾನಿಗೆ ಅವನ್ನು ಹಚ್ಚಿದ್ದರೆ ಒಂದು ಮುಂಗಾರೂ ದಾಟುತ್ತಿರಲಿಲ್ಲ. ಬಡಿಗೇರರಿಗೆ ಅಂಟು ಗೊತ್ತಿರಲಿಲ್ಲ ಅಂತಲ್ಲ, ಎಲ್ಲಿ ಬ್ಯಾಡ ಅನ್ನೋದು ಗೊತ್ತಿತ್ತು.

ಹಂಗಾದ್ರ ಅಂಟು ಎಲ್ಲಿ ಬೇಕಿತ್ತು? ಬೊಂಬೆಗೆ, ದೇವರ ಮೂರ್ತಿಗೆ, ಪಲ್ಲಕ್ಕಿಗೆ, ದೊಡ್ಡಾಟದ ಕಿರೀಟ ಭುಜಕೀರ್ತಿಗೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಹುಟ್ಟಿದ ಸೀಮೆ ನಮ್ಮದು. ಆಟದವರು ರಾತ್ರಿಯೆಲ್ಲಾ ತಲೆ ಮೇಲೆ ಹೊತ್ತು ಕುಣಿಯೋ ಸಾಮಾನು ಹಗುರ ಇರಬೇಕು, ಮೇಲೆ ಕನ್ನಡಿ ಚೂರು, ಬೇಗಡೆ ಕೂಡಬೇಕು. ಅಲ್ಲಿ ಮೊಳೆ ಹೊಡೆದರೆ ಕಟ್ಟಿಗೆ ಸೀಳತದ.

ಇನ್ನು ಗೋಕಾಕದ ಬೊಂಬೆ. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೂ ಗೋಕಾಕದ ಬೊಂಬೆ ಮತ್ತು ಹಣ್ಣುಗಳ ಹೆಸರು ಬರ್ತದ. ಮಾವಿನಹಣ್ಣು, ಬಾಳೆಹಣ್ಣು, ಬದನೆಕಾಯಿ ನಿಜವಾದ ಅಳತೆಯಲ್ಲೇ ಮಾಡಿ ಬಣ್ಣ ಹಚ್ಚಿಟ್ಟರೆ ಮಕ್ಕಳು ಕಚ್ಚಿ ನೋಡೋ ಹಂಗ ಇರ್ತಿದ್ದವು. ಮಾಡುವವರು ಜೀನಗಾರ, ಚಿತ್ರಗಾರ ಮನೆತನದವರು. ಜೀನು ಅಂದರೆ ಕುದುರೆಯ ತಡಿ. ತಡಿ ಮಾಡುವ ಕೈಗಳು ಕುದುರೆ ಸವಾರರ ಕಾಲ ಮುಗಿದ ಮೇಲೆ ಬಣ್ಣ, ಕಟ್ಟಿಗೆ ಕೆಲಸದಲ್ಲೇ ಹೆಚ್ಚು ನಿಂತವು.

ಈ ಕೆಲಸದ ಜೀವ ಹುಣಸೆ ಬೀಜ. ನಾವು ಹಣ್ಣು ಬಿಡಿಸಿ ಬೀಜ ಒಂದು ಮೂಲೆಗೆ ಸುರೀತೀವಲ್ಲ, ಅದೇ. ಬೀಜ ಹುರಿದು ಅಥವಾ ನೆನೆಸಿ ಮೇಲಿನ ಕರಿ ಸಿಪ್ಪೆ ತೆಗೀಬೇಕು. ಬೀಜದ ತೂಕದಲ್ಲಿ ಸುಮಾರು ಶೇ. 30ರಷ್ಟು ಸಿಪ್ಪೆಯೇ. ಒಳಗಿನ ಬಿಳಿ ಬ್ಯಾಳಿಯನ್ನು ನೆನೆಹಾಕಿ ನುಣ್ಣಗೆ ಅರೆದು, ನೀರು ಕೂಡಿಸಿ, ತಳ ಹಿಡಿಯದಂಗ ಕೈಯಾಡಿಸುತ್ತಾ ಕುದಿಸಿದರೆ ದಪ್ಪ ಸರಿ ಆಗ್ತದ. ಬ್ಯಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಜಾತಿಯ ಅಂಟು ಸಕ್ಕರೆ. ಅದರ ಉದ್ದನೆಯ ಎಳೆಗಳು ನೀರಿನಲ್ಲಿ ಬಿಚ್ಚಿಕೊಂಡು, ನೀರು ಆರಿದಂಗ ಕಟ್ಟಿಗೆಯ ನಾರಿಗೆ ಗಟ್ಟಿಯಾಗಿ ಅಂಟತಾವು. ಹತ್ತಿ ನಾರು, ಕಟ್ಟಿಗೆ ನಾರು ಇವಕ್ಕೆ ಈ ಎಳೆ ಬಹಳ ಹೊಂದ್ತದ, ಎಲ್ಲಾ ಸೆಲ್ಯುಲೋಸೇ ಅಲ್ಲವೇ. ಈ ಸರಿಗೆ ಮರದ ಹುಡಿ ಕಲೆಸಿದರೆ ಕಣಕದಂಥ ಮುದ್ದೆ. ಹಗುರ ಕಟ್ಟಿಗೆಯ ತುಂಡುಗಳನ್ನು ಕೂಡಿಸಿ, ಸಂದುಗಳಿಗೆ ಈ ಮುದ್ದೆ ತುಂಬಿ, ಮೂಗು, ಕಿವಿ, ಒಡವೆಗಳನ್ನೂ ಇದರಿಂದಲೇ ತಿದ್ದಿ, ಒಣಗಿದ ಮೇಲೆ ಉಜ್ಜಿ ಬಣ್ಣ ಹಚ್ಚುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದವರು ಹಿಂಗೇ ಮಾಡಿದ ಮುದ್ದೆಗೆ ಕಿಟ್ಟ ಅಂತಾರೆ. ಅವರು ನೆನೆಸಿ ಒಣಗಿಸಿದ ಗೋಣಿ ಚೂರಿನ ಪುಡಿಯನ್ನೂ ಸೇರಿಸ್ತಾರ, ಒಡವೆಯ ಉಬ್ಬು ಕೆಲಸಕ್ಕೆ ಬೆಣಚುಕಲ್ಲಿನ ಪುಡಿಯ ಸರಿ ಬೇರೆ. ಚನ್ನಪಟ್ಟಣದ ಬೊಂಬೆಗೆ ಈ ಗೊಡವೆ ಇಲ್ಲ. ಅದು ಚಿಗರಿಯ ಮೇಲೆ ತಿರುಗಿಸಿ ಅರಗು ಹಚ್ಚುವ ಕೆಲಸ, ಅದರ ದಾರಿಯೇ ಬೇರೆ.

ಹುಣಸೆ ಸರಿಗೆ ಎರಡು ಶತ್ರು: ನೀರು ಮತ್ತು ಹುಳ. ಇದು ತಿನ್ನುವ ವಸ್ತು ನೋಡ್ರಿ, ನಮಗೆ ಅಂಟು, ಹುಳಕ್ಕೆ ಊಟ. ಅದಕ್ಕೇ ಮೇಲಿನ ಬಣ್ಣದ ಪದರು ಬರೀ ಚಂದಕ್ಕಲ್ಲ, ಅದು ಮಳೆಗೆ ಕೊಡೆ ಇದ್ದಂಗ. ಪುಸ್ತಕ ಕಟ್ಟುವವರು ಗಂಜಿಯಲ್ಲಿ ಚಿಟಿಕೆ ಮೈಲುತುತ್ತ ಹಾಕುತ್ತಿದ್ದದ್ದೂ ಇದೇ ಕಾರಣಕ್ಕೆ. ನಾವು ಬೆಳೆ ರೋಗಕ್ಕೆ ಹೊಡೆಯೋ ಅದೇ ಮೈಲುತುತ್ತ.

ದೇಶಕ್ಕೆ ಈ ಬೀಜದ ಬೆಲೆ ತಿಳಿದದ್ದು ಬಹಳ ತಡವಾಗಿ. 1940ರ ದಶಕದಲ್ಲಿ, ಮಹಾಯುದ್ಧದ ಹೊತ್ತಿನಲ್ಲಿ, ನೂಲಿಗೆ ಹಾಕುವ ಗಂಜಿಗೆ ಪಿಷ್ಟ ಸಿಗೋದು ಕಷ್ಟವಾದಾಗ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಹುಣಸೆ ಬೀಜದ ಹಿಟ್ಟನ್ನು ಪರೀಕ್ಷೆ ಮಾಡಿ ಮುಂದೆ ತಂದರು. ಆಮೇಲೆ ಬಟ್ಟೆ, ಸೆಣಬಿನ ಗಿರಣಿಗಳಿಗೆ ಇದರ ಹಿಟ್ಟು ಹೋಗತೊಡಗಿತು. ಗೋಕಾಕದ ಬೊಂಬೆಯವರನ್ನು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸುತ್ತಿದ್ದರು ಅಂತ ನನಗನಿಸ್ತದ.

ಎರಡನೆಯ ಹಳೆಯ ಅಂಟು ಸರಸ. ಹೆಸರು ಕೇಳಿ ನಗಬ್ಯಾಡ್ರಿ, ಮರಾಠಿಯಲ್ಲೂ ಅಂಟಿಗೆ ಸರಸ ಅಂತಾನೇ ಅಂತಾರೆ. ಚರ್ಮ, ಎಲುಬು ಕುದಿಸಿ ತೆಗೆದದ್ದು. ಇದರ ಲಿಖಿತ ಸಾಕ್ಷಿ ನಮ್ಮ ಕನ್ನಡ ನಾಡಿನ ಅರಸನೊಬ್ಬನ ಗ್ರಂಥದಲ್ಲೇ ಸಿಗ್ತದ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ, ಚಿತ್ರದ ಭಾಗದೊಳಗೆ ವಜ್ರಲೇಪ ಅಂತ ಬರ್ತದ. ಹೊಸ ಎಮ್ಮೆ ಚರ್ಮವನ್ನು ಬೆಣ್ಣೆಯಂಗ ಮೆತ್ತಗಾಗುವವರೆಗೆ ಕುದಿಸಿ, ಕಡ್ಡಿ ಮಾಡಿ ಬಿಸಿಲಿಗೆ ಒಣಗಿಸಿಡೋದು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿ ಬಳಸೋದು. ಅದಕ್ಕೂ ಹಿಂದೆ, ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದೇ ಹೆಸರಿನ ಗಿಡಮೂಲಿಕೆಯ ಲೇಪವೂ ಐತಿ. ಎಳೆ ತೂಬರೆಕಾಯಿ, ಎಳೆ ಬೇಲದಕಾಯಿ, ಬೂರುಗದ ಹೂವು, ಬಜೆ ಇತ್ಯಾದಿ ಒಂದು ದ್ರೋಣ ನೀರಿನಲ್ಲಿ ಹಾಕಿ ಎಂಟನೇ ಒಂದು ಭಾಗಕ್ಕೆ ಇಳಿಸಿ, ಗುಗ್ಗುಳ, ಗೇರು, ಅಗಸೆ, ಬಿಲ್ವ ಇತ್ಯಾದಿ ಕೂಡಿಸಬೇಕು. ಕೋಟಿ ವರ್ಷ ಬಾಳ್ತದ ಅಂತ ಹೇಳ್ಯಾನ! ಈಗಿನ ಜಾಹೀರಾತಿನವರು ಅವನ ಮುಂದೆ ಏನೂ ಅಲ್ಲ.

ಸರಸದ ಕೆಲಸ ನಾಜೂಕು. ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ನೇರ ಬೆಂಕಿ ಮೇಲೆ ಕುದ್ದರೆ ಶಕ್ತಿ ಹೋಯ್ತು. ಬಿಸಿ ಇದ್ದಾಗಲೇ ಹಚ್ಚಿ ಕೂಡಿಸಬೇಕು, ನಾತವೂ ಕುಡೀಬೇಕು. ಆದರೆ ಇದರ ಒಂದು ಗುಣವನ್ನು ಈಗಿನ ಯಾವ ಡಬ್ಬಿಯೂ ಕೊಡಲ್ಲ. ಮತ್ತೆ ಬಿಸಿ ಮತ್ತು ನೀರಿನ ಹಬೆ ತೋರಿಸಿದರೆ ಸಂದು ತಾನೇ ಬಿಚ್ಚಿಕೊಳ್ತದ, ಕಟ್ಟಿಗೆಗೆ ಗಾಯ ಆಗಲ್ಲ.

1959ರಲ್ಲಿ ಬಲವಂತ ಪಾರೇಖರ ಕಂಪನಿ ಫೆವಿಕಾಲ್ ತಂದಾಗ ಬಡಿಗೇರರು ಸರಸದ ಒಲೆ ಆರಿಸಿದರು. ಕಾಯಿಸೋದಿಲ್ಲ, ನಾತ ಇಲ್ಲ, ಡಬ್ಬಿಯಿಂದ ನೇರ ಕಟ್ಟಿಗೆಗೆ. ಈ ಬಿಳಿ ಅಂಟಿನ ಜಾತಿಗೆ ಪಾಲಿವಿನೈಲ್ ಅಸಿಟೇಟ್ ಅಂತಾರೆ. ಹಾಲಿನಂಗ ಕಾಣೋದು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕಣಗಳು. ನೀರನ್ನು ಕಟ್ಟಿಗೆ ಹೀರಿಕೊಂಡ ಮೇಲೆ ಕಣಗಳು ಒಂದಕ್ಕೊಂದು ಕೂಡಿ ಪದರಾಗ್ತಾವು. ಇಲ್ಲೇ ಅದರ ಬಲವೂ ಮಿತಿಯೂ ಐತಿ. ಕಟ್ಟಿಗೆ ಹಸಿ ಇದ್ದರೆ ನೀರು ಹೋಗೋದೆಲ್ಲಿಗೆ? ಸಂದು ಸಡಿಲ ಇದ್ದರೆ ಕಣ ಕೂಡೋದು ಹೆಂಗ? ಚೆನ್ನಾಗಿ ಒಣಗಿದ ಕಟ್ಟಿಗೆ, ಹತ್ತಿರ ಕೂತ ಸಂದು, ರಾತ್ರಿಯೆಲ್ಲಾ ಬಿಗಿಯಾಗಿ ಒತ್ತಿ ಕಟ್ಟಿದ್ದು, ಈ ಮೂರೂ ಇದ್ದರೆ ಮನೆಯೊಳಗಿನ ಮಂಚಕ್ಕೆ, ಕುರ್ಚಿಗೆ ಇದಕ್ಕಿಂತ ಸಲೀಸಾದದ್ದು ಇಲ್ಲ. ಸಾದಾ ಬಿಳಿ ಅಂಟು ಹೊರಗಿನ ಮಳೆಗೆ, ಹಿತ್ತಲ ಬಾಗಿಲಿಗೆ ಅಲ್ಲ. ಅದಕ್ಕೆ ನೀರು ತಡೆಯುವ ಜಾತಿ ಬೇರೆ ಬರ್ತದ, ಕೇಳಿ ತಗೊಳ್ರಿ.

2019ರ ಆಗಸ್ಟಿನ ಘಟಪ್ರಭೆ ನೆನಪಿದ್ದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಲೋಳಸೂರ ಸೇತುವೆ ಮುಳುಗಿದ ವಾರ. ನೀರು ಇಳಿದ ಮೇಲೆ ಮನೆ ಮನೆ ಮುಂದೆ ಬಿಸಿಲಿಗೆ ಇಟ್ಟ ಸಾಮಾನು ನೋಡಿದೆ. ಅಗ್ಗದ ಪ್ಲೈವುಡ್ಡಿನ ಕಪಾಟುಗಳು ಹಳೆ ಪುಸ್ತಕದ ಹಾಳೆಗಳಂಗ ಬಿಚ್ಚಿಕೊಂಡಿದ್ದವು. ತಾತನ ಕಾಲದ ಸಾಗವಾನಿ ಬಾಗಿಲು ಕೆಸರು ತೊಳೆದರೆ ಮತ್ತೆ ನಿಂತವು, ಅವುಗಳ ಮೂಲೆಯಲ್ಲಿ ಅಂಟೇ ಇರಲಿಲ್ಲ, ಮರದ ಗೂಟ ಇತ್ತು. ಪ್ಲೈವುಡ್ಡಿನಲ್ಲಿ ಎಲ್ಲವೂ ಒಂದೇ ಅಲ್ಲ. ಅದರ ಮೇಲಿನ ಮುದ್ರೆ ಓದ್ರಿ. ಐಎಸ್ 303ರಲ್ಲಿ ಎಂಆರ್ ಅಂದರೆ ತೇವ ತಡೆಯೋದು ಅಷ್ಟೇ, ಬಿಡಬ್ಲ್ಯುಆರ್ ಕುದಿ ನೀರಿನ ಪರೀಕ್ಷೆಗೆ ನಿಲ್ಲೋದು. ಐಎಸ್ 710 ದೋಣಿ ದರ್ಜೆ. ಹೊಳೆದಂಡೆಯ ಊರಿನವರು ಎಂಆರ್ ತಗೊಂಡು ಅಡುಗೆಮನೆ ಕಪಾಟು ಮಾಡಿಸಬ್ಯಾಡ್ರಿ. ವ್ಯತ್ಯಾಸ ಮರದ್ದಷ್ಟೇ ಅಲ್ಲ, ಮುಖ್ಯವಾಗಿ ಪದರುಗಳ ನಡುವಿನ ಅಂಟಿನದು.

ಹಿಡಕಲ್ ಡ್ಯಾಂ ಆದಾಗ ಹುಕ್ಕೇರಿ ತಾಲೂಕಿನಲ್ಲಿ ಊರು ಬಿಟ್ಟವರ ಕಥೆಯೂ ಇಲ್ಲಿಗೆ ಕೂಡ್ತದ. ಹುನ್ನೂರಿನ ವಿಠ್ಠಲ ಗುಡಿ ಕಲ್ಲಿನದು, ಅದು ನೀರೊಳಗೇ ಉಳೀತು, ಬ್ಯಾಸಗಿಗೆ ನೀರು ತಗ್ಗಿದಾಗ ಈಗಲೂ ಕಾಣಿಸ್ತದ. ಗೂಟ ಬೆಣೆಯ ಚೌಕಟ್ಟು ಹಂಗಲ್ಲ, ಗೂಟ ಬಡಿದು ಬಿಚ್ಚಿ, ಚಕ್ಕಡಿಗೆ ಹೇರಿ, ಹೊಸ ಊರಲ್ಲಿ ಮತ್ತೆ ನಿಲ್ಲಿಸಬಹುದು.

ಈಗ ಇದನ್ನೆಲ್ಲಾ ಬರೆಯೋಕೆ ನಿಜವಾದ ಕಾರಣ ಹೇಳ್ತೀನಿ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೆ ಮೊದಲು ದ್ಯಾಮವ್ವ, ಲಕ್ಷ್ಮವ್ವನ ಕಟ್ಟಿಗೆ ಮೂರ್ತಿಗೆ ಹೊಸ ಬಣ್ಣ ಆಗ್ತದ. ಒಂದೂರಿನಲ್ಲಿ ಈ ಸಲ ತೋಳಿನ ಸಂದು ಬಿಟ್ಟಿತ್ತು. ಕಮಿಟಿಯವರು ಎರಡು ಟ್ಯೂಬಿನ ಎಪಾಕ್ಸಿ ತಂದು ಹಚ್ಚಿಬಿಡೋಣ, ಕಲ್ಲಾಗ್ತದ ಅಂದರು. ಕಲ್ಲಾಗ್ತದ, ಸುಳ್ಳಲ್ಲ. ಸಡಿಲ ಸಂದನ್ನೂ ತುಂಬ್ತದ, ನೀರಿಗೂ ಜಗ್ಗಲ್ಲ. ಮುರಿದ ಟ್ರಾಲಿ ಹಲಗೆಗೆ, ಅಂಟು ಹೀರದ ಜಾಲಿಯಂಥ ಗಟ್ಟಿ ಕಟ್ಟಿಗೆಗೆ ನಾನೂ ಅದನ್ನೇ ಹಚ್ಚೋದು. ಆದರೆ ಮೂರ್ತಿಯ ಹಗುರ ಕಟ್ಟಿಗೆ ಪ್ರತಿ ಮಳೆಗಾಲ ಉಬ್ಬತದ, ಪ್ರತಿ ಬ್ಯಾಸಗಿ ಕುಗ್ಗತದ. ಹುಣಸೆ ಸರಿಯ ಮುದ್ದೆ ಅದರ ಜೋಡಿ ಸ್ವಲ್ಪ ಆಡತದ, ಎಪಾಕ್ಸಿ ಆಡಲ್ಲ. ಆಗ ಮುರಿಯೋದು ಅಂಟಲ್ಲ, ಪಕ್ಕದ ಕಟ್ಟಿಗೆ. ಮುಂದಿನ ಜಾತ್ರೆಗೆ ಬಂದ ಚಿತ್ರಗಾರ ಆ ಸಂದನ್ನು ಬಿಚ್ಚಬೇಕೆಂದರೆ ತೋಳನ್ನೇ ಕೆತ್ತಿ ತೆಗೀಬೇಕು. ಹಳೆ ಸರಿಯಾದರೆ ಒದ್ದೆ ಬಟ್ಟೆ ಸುತ್ತಿ ಕೂತರೆ ಸಾಕು. ಆ ಊರಿನಲ್ಲಿ ಮಾತು ಇನ್ನೂ ಮುಗಿದಿಲ್ಲ. ಬೇಗ ಆಗೋದು ಬೇಕು ಅನ್ನೋರೇ ಹೆಚ್ಚು.

ಗೋಕಾಕದಲ್ಲಿ ಈ ಕೆಲಸ ಬಲ್ಲ ಮನೆಗಳು ಬಹಳ ಕಡಿಮೆ ಆಗ್ಯಾವು. ಬೊಂಬೆ ಕೊಳ್ಳುವವರು ಪ್ಲಾಸ್ಟಿಕ್ಕಿಗೆ ಹೋದರು, ಬದುವಿನ ಹುಣಸೆ ಮರ ನೆರಳು ಮಾಡ್ತದ ಅಂತ ನಾವು ಕಡಿದೆವು. ಮೂರ್ತಿ ದುರಸ್ತಿ ಇದ್ದವರು ಮೊದಲು ಅವರನ್ನು ಹುಡುಕಿ ಕೇಳ್ರಿ, ಆಮೇಲೆ ಅಂಗಡಿಗೆ ಹೋಗ್ರಿ.

ಮೂಡಲಗಿಯ ಇಬ್ಬರಿಗೆ ನೇರ ಉತ್ತರ: ಮಂಚದ ಕಾಲಿಗೆ ಬಿಳಿ ಅಂಟು, ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆದ ಮೇಲೆ. ಸಾಗವಾನಿ ಇದ್ದರೆ ಅದರ ಎಣ್ಣೆ ಅಂಶ ಹೋಗಲು ಥಿನ್ನರ್ ಬಟ್ಟೆಯಿಂದ ಒರೆಸಿ ಕೂಡಲೇ ಹಚ್ಚಿ. ಹೊರಬಾಗಿಲ ಚೌಕಟ್ಟಿಗೆ ಗೂಟ ಹೊಡೆಸಿ, ಅಂಟು ಬೇಕೇ ಬೇಕೆಂದರೆ ನೀರು ತಡೆಯೋದು. ನಿಮ್ಮೂರಿನ ದೇವಿ ಮೂರ್ತಿಗೆ ಯಾರು ಬಣ್ಣ ಹಚ್ತಾರ, ಯಾವ ಸರಿ ಬಳಸ್ತಾರ, ಗೊತ್ತಿದ್ದವರು ತಿಳಿಸ್ರಿ. ನಮ್ಮ ಮನೆಯಲ್ಲಿ ಈ ವರ್ಷದ ಹುಣಸೆ ಬೀಜ ಎರಡು ಚೀಲ ಇದಾವು, ಬೊಂಬೆ ಕೆಲಸದವರಿಗೆ ಬೇಕಾದರೆ ಹಾಗೇ ಒಯ್ಯಬಹುದು.